ಕುದುರೆಗಳು ಏನು ಮಾಡಿ ದಣಿದವು? ಲಿಂಕನ್ ತಮ್ಮ ಜನರಲ್‌ಗಳಿಗೆ ಬರೆದ ಪತ್ರಗಳು

ಹಳೇಅಂಚೆ:
ಅಮೆರಿಕದ ಅಂತರ್ಯುದ್ಧ ಅಂದ ಕೂಡಲೇ ಎಲ್ಲರೂ ಗೆಟ್ಟಿಸ್‌ಬರ್ಗ್ ಭಾಷಣಕ್ಕೆ ಹೋಗಿ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಲಿಂಕನ್ ತಮ್ಮ ಜನರಲ್‌ಗಳಿಗೆ ಕಳಿಸಿದ ಪತ್ರ, ತಂತಿಗಳೇ ಇಷ್ಟ. ಒಂದರಿಂದ ಶುರು ಮಾಡುತ್ತೇನೆ.

1862ರ ಸೆಪ್ಟೆಂಬರ್ 17, ಆಂಟೀಟಮ್ ಕದನ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000. ದಕ್ಷಿಣದ ಜನರಲ್ ಲೀ ಪೊಟೋಮ್ಯಾಕ್ ನದಿ ದಾಟಿ ವರ್ಜೀನಿಯಾಗೆ ವಾಪಸ್ ಹೋದರು. ಉತ್ತರದ ಜನರಲ್ ಮೆಕ್ಲೆಲನ್ ಬೆನ್ನಟ್ಟಬೇಕಿತ್ತು. ಐದು ವಾರ ಕಳೆದರೂ ಈಚೆ ದಡದಲ್ಲೇ ಇದ್ದರು. ಕೊನೆಗೆ ಮ್ಯಾಸಚೂಸೆಟ್ಸ್ ಅಶ್ವದಳದ ಒಂದು ವರದಿಯನ್ನು ವಾಷಿಂಗ್ಟನ್‌ಗೆ ಕಳಿಸಿದರು. ಶಿಬಿರದಲ್ಲಿ 267 ಕುದುರೆ ಇವೆ, ಅದರಲ್ಲಿ 128 ಹೊರಡುವ ಸ್ಥಿತಿಯಲ್ಲಿಲ್ಲ, ನಾಲಿಗೆ ಹುಣ್ಣು, ಕಾಲಿನ ರೋಗ, ಬೆನ್ನ ಮೇಲೆ ಗಾಯ. ಉಳಿದವು ದಣಿದು ಬಡಕಲಾಗಿವೆ.

ಲಿಂಕನ್ ಉತ್ತರ ಎರಡೇ ವಾಕ್ಯ. ನಾಲಿಗೆ ಹುಣ್ಣಾದ, ದಣಿದ ಕುದುರೆಗಳ ಬಗ್ಗೆ ನಿಮ್ಮ ತಂತಿ ಈಗಷ್ಟೇ ಓದಿದೆ. ಕ್ಷಮಿಸಿ, ಒಂದು ಮಾತು ಕೇಳಲೇ: ಆಂಟೀಟಮ್ ಕದನವಾದ ಮೇಲೆ ನಿಮ್ಮ ಸೈನ್ಯದ ಕುದುರೆಗಳು ದಣಿಯುವಂಥದ್ದು ಏನು ಮಾಡಿವೆ?

ಇಷ್ಟು ಚುರುಕಾಗಿ ಬರೆಯುತ್ತಿದ್ದ ಮನುಷ್ಯ ಈ ಜನರಲ್‌ಗೆ ವರ್ಷಪೂರ್ತಿ ಬರೆದರು. ಒಂದಾದರೂ ಕೆಲಸ ಮಾಡಿತಾ? ನನಗಂತೂ ಇಲ್ಲ ಅನ್ನಿಸುತ್ತದೆ. ನೀವೇನಂತೀರಿ?

ಸುಮ್ನೆಓದುಗ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೆಕ್ಲೆಲನ್ ಕಥೆ ಅಷ್ಟೇ ಅಲ್ವಾ?

ಮಾಜಿಹವಾಲ್ದಾರ್:
ಅಷ್ಟೇ ಅಲ್ಲ ಸ್ವಾಮಿ. ನಾನು ಸಪ್ಲೈ ವಿಭಾಗದಲ್ಲಿ ಸರ್ವೀಸ್ ಮುಗಿಸಿದವನು. ಕುರ್ಚಿಯಲ್ಲಿ ಕೂತವರಿಗೆ ಕುದುರೆ ಅಂದರೆ ನಕ್ಷೆ ಮೇಲಿನ ಚುಕ್ಕೆ. ಅದಕ್ಕೆ ದಿನಕ್ಕೆ ಮೇವು ಎಷ್ಟು, ಲಾಳ ಎಷ್ಟು, ನೀರು ಎಲ್ಲಿಂದ ಅಂತ ಲೆಕ್ಕ ಇಡುವವನಿಗೆ ಅದು ತಮಾಷೆ ಅಲ್ಲ. ಆ ತಂತಿಗೆ ಎರಡು ವಾರ ಮುಂಚೆ ದಕ್ಷಿಣದ ಸ್ಟುವರ್ಟ್ ತನ್ನ ಅಶ್ವದಳದೊಂದಿಗೆ ಮೆಕ್ಲೆಲನ್ ಸೈನ್ಯದ ಸುತ್ತಲೂ ಒಂದು ಸುತ್ತು ಹಾಕಿ ಹೋಗಿದ್ದರು. ಅವರನ್ನು ಅಟ್ಟಿಸಿಕೊಂಡು ಹೋದ ಕುದುರೆಗಳು ನಿಜಕ್ಕೂ ದಣಿದಿದ್ದವು.

ಇನ್ನೊಂದು ವಿಷಯ. 1861ರ ಬೇಸಿಗೆಯಲ್ಲಿ ಬುಲ್ ರನ್‌ನಲ್ಲಿ ಸೋತು ಚೆಲ್ಲಾಪಿಲ್ಲಿಯಾದ ಸೈನ್ಯವನ್ನು ಕಟ್ಟಿ ನಿಲ್ಲಿಸಿದ್ದು ಇದೇ ಮೆಕ್ಲೆಲನ್. ಆಗ ಅವರಿಗೆ 34 ವರ್ಷ. ಕವಾಯತು, ಊಟ, ಬಟ್ಟೆ, ಫಿರಂಗಿ ಎಲ್ಲ ಸರಿ ಮಾಡಿದರು. ಮುಂದೆ ಉತ್ತರದ ಸೇನಾಪತಿಯಾದ ಗ್ರಾಂಟ್ ಗೆದ್ದದ್ದು ಆ ಸೈನ್ಯ ಇಟ್ಟುಕೊಂಡೇ. ಅದನ್ನು ಮರೆತು ಬರೀ ಲಿಂಕನ್ ಜೋಕು ಓದಿದರೆ ಹೇಗೆ?

ಹಳೇಅಂಚೆ:
ಹವಾಲ್ದಾರ್ ಸರ್, ನಿಮ್ಮಂಥವರೇ ಬರಲಿ ಅಂತ ಕಾಯುತ್ತಿದ್ದೆ.

ಕುದುರೆ ವಿಷಯದಲ್ಲಿ ಮೆಕ್ಲೆಲನ್ ನೀವು ಹೇಳಿದ್ದನ್ನೇ ಉತ್ತರವಾಗಿ ಬರೆದರು, ನಮ್ಮ ಅಶ್ವದಳ ಕಷ್ಟಪಟ್ಟಿದೆ ಅಂತ. ಅದಕ್ಕೆ ಲಿಂಕನ್ ಮತ್ತೆ ಬರೆದರು. ಯಾರಿಗೂ ಅನ್ಯಾಯ ಮಾಡುವ ಉದ್ದೇಶ ನನಗಿಲ್ಲ, ಮಾಡಿದ್ದರೆ ತುಂಬಾ ವಿಷಾದವಿದೆ ಅಂದರು. ಅದೇ ಉಸಿರಿನಲ್ಲಿ ಲೆಕ್ಕವನ್ನೂ ಮುಂದಿಟ್ಟರು: ಐದು ವಾರಕ್ಕೂ ಜಾಸ್ತಿ ಸೈನ್ಯ ಕದಲಲಿಲ್ಲ, ಆ ಅವಧಿಯಲ್ಲಿ ನಾವು ಕಳಿಸಿದ ಹೊಸ ಕುದುರೆಗಳು ಒಟ್ಟು 7,918. ಲೆಕ್ಕ ಇಟ್ಟವರು ಕುರ್ಚಿಯಲ್ಲೂ ಇದ್ದರು ಸರ್.

ಸೈನ್ಯ ಕಟ್ಟಿದ್ದು ಅವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಿದ್ದನ್ನು ಕಳೆದುಕೊಳ್ಳುವ ಭಯವೂ ಅವರಿಗೇ ಜಾಸ್ತಿ ಇತ್ತು.

ವರ್ಜೀನಿಯಾಕನ್ನಡಿಗ:
ನಾನು ಇರುವುದು ಈ ಪತ್ರಗಳ ನಕ್ಷೆಯೊಳಗೇ. ವಾರಾಂತ್ಯದಲ್ಲಿ ಹಾರ್ಪರ್ಸ್ ಫೆರಿ, ವಿಂಚೆಸ್ಟರ್ ಕಡೆ ಕಾರು ಓಡಿಸುವಾಗ 1862ರ ಅಕ್ಟೋಬರ್ 13ರ ಪತ್ರ ನೆನಪಿಗೆ ಬರುತ್ತದೆ. ಕುದುರೆ ತಂತಿ ಎಲ್ಲರಿಗೂ ಗೊತ್ತು, ಈ ಪತ್ರ ಅದಕ್ಕಿಂತ ದೊಡ್ಡದು.

ಹಾರ್ಪರ್ಸ್ ಫೆರಿಯಿಂದ ವಿಂಚೆಸ್ಟರ್‌ವರೆಗಿನ ರೈಲು ರಿಪೇರಿ ಆಗದೆ ಅಲ್ಲಿ ನನ್ನ ಸೈನ್ಯಕ್ಕೆ ಊಟ ಒದಗಿಸಲು ಆಗಲ್ಲ ಅಂದಿದ್ದರು ಮೆಕ್ಲೆಲನ್. ಲಿಂಕನ್ ಏನು ಬರೆದರು ನೋಡಿ. ಶತ್ರು ಈಗ ಅದೇ ವಿಂಚೆಸ್ಟರ್‌ನಲ್ಲಿ ಇದ್ದಾನೆ, ಊಟವನ್ನೂ ಮಾಡುತ್ತಿದ್ದಾನೆ. ಅವನ ಗಾಡಿಗಳು ಕಲ್ಪೆಪರ್‌ನಿಂದ ಬರಬೇಕು, ಅದು ನಿಮಗಿರುವ ದೂರದ ಸುಮಾರು ಎರಡರಷ್ಟು. ಅವನ ಹತ್ತಿರ ಗಾಡಿಗಳಿರುವುದು ನಿಮ್ಮ ಅರ್ಧದಷ್ಟು. ಶತ್ರು ದಿನವೂ ಮಾಡುತ್ತಿರುವುದನ್ನು ನಾವು ಮಾಡಲಾರೆವು ಅಂದುಕೊಳ್ಳುವುದು ಅತಿಯಾದ ಎಚ್ಚರಿಕೆ ಅಲ್ಲವೇ?

ಆಮೇಲೆ ದಾರಿ. ದಕ್ಷಿಣದ ರಾಜಧಾನಿ ರಿಚ್ಮಂಡ್ ಕಡೆಗೆ ಲೀ ಹೋಗಬೇಕಾದ ದಾರಿ ಬಿಲ್ಲಿನ ಹಾಗೆ ಬಾಗಿದೆ, ನಿಮ್ಮದು ಅದರ ಹೆದೆಯ ಹಾಗೆ ನೇರ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಬ್ಲೂ ರಿಡ್ಜ್ ಬೆಟ್ಟದ ಸಾಲು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬೆಟ್ಟದ ಆಚೆ ಕಣಿವೆಯಲ್ಲಿ ಲೀ, ಈಚೆ ಬಯಲಿನಲ್ಲಿ ಮೆಕ್ಲೆಲನ್. ವಕೀಲಿಕೆ ಮಾಡಿಕೊಂಡಿದ್ದ ಮನುಷ್ಯ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಯುದ್ಧಶಾಸ್ತ್ರದ ಪುಸ್ತಕ ತರಿಸಿಕೊಂಡು ಓದಿ ಇದನ್ನು ಬರೆದದ್ದು.

ಆದರೆ ಕೊನೆಯಲ್ಲಿ ಒಂದು ಸಾಲು: ಈ ಪತ್ರ ಯಾವ ರೀತಿಯಲ್ಲೂ ಆಜ್ಞೆಯಲ್ಲ.

ಸುಮ್ನೆಓದುಗ:
ಅಲ್ಲೇ ಕೆಟ್ಟಿತು. ಇಷ್ಟೆಲ್ಲ ಬರೆದು ಕೊನೆಗೆ ಆಜ್ಞೆ ಅಲ್ಲ ಅಂದರೆ ಯಾರು ಕೇಳ್ತಾರೆ?

ಮಾಜಿಹವಾಲ್ದಾರ್:
ನನ್ನ ಆಕ್ಷೇಪಣೆಯೂ ಅದೇ, ಆದರೆ ಬೇರೆ ಕಡೆಯಿಂದ. ಆಜ್ಞೆ ಕೊಡುವುದಾದರೆ ಕೊಡಿ, ಹೊಣೆ ಹೊರಿ. ಇಲ್ಲವಾದರೆ ಕಮಾಂಡರ್‌ಗೆ ಬಿಡಿ. ನಡುವೆ ನಿಂತು ಪಾಠ ಮಾಡಬಾರದು.

ಅದೇ ವರ್ಷದ ವಸಂತ ನೋಡಿ. ಮೆಕ್ಲೆಲನ್ ಲಕ್ಷ ಜನರನ್ನು ಹಡಗಿನಲ್ಲಿ ಮನ್ರೋ ಕೋಟೆಗೆ ಇಳಿಸಿದರು. ನೇರವಾಗಿ ಹೋಗುವ ಬದಲು ಸಮುದ್ರದ ಕಡೆಯಿಂದ ರಿಚ್ಮಂಡ್‌ಗೆ ಹೋಗುವ ಯೋಜನೆ. ಅವರು ಅಲ್ಲಿ ಇಳಿದ ಮೇಲೆ ಲಿಂಕನ್ ಜನರಲ್ ಮೆಕ್‌ಡೊವೆಲ್ ಅವರ ಇಡೀ ಕೋರ್, ಅಂದರೆ ಸೈನ್ಯದ ಒಂದು ದೊಡ್ಡ ವಿಭಾಗವನ್ನೇ, ತಡೆದು ವಾಷಿಂಗ್ಟನ್ ಕಾವಲಿಗೆ ಇಟ್ಟುಕೊಂಡರು. ಅದು 30,000ಕ್ಕೂ ಜಾಸ್ತಿ ಜನ. ಯುದ್ಧಮಂತ್ರಿ ಸ್ಟ್ಯಾಂಟನ್ ಅದೇ ಏಪ್ರಿಲ್‌ನಲ್ಲಿ ಸೈನ್ಯ ಭರ್ತಿ ಕಚೇರಿಗಳನ್ನೇ ಮುಚ್ಚಿಸಿದರು! ಯುದ್ಧದ ನಡುವೆ ಭರ್ತಿ ನಿಲ್ಲಿಸುವುದು ಯಾವ ಜಾಣತನ?

ಹಳೇಅಂಚೆ:
ಭರ್ತಿ ನಿಲ್ಲಿಸಿದ್ದು ಶುದ್ಧ ದಡ್ಡತನ. ಜೂನ್ ಹೊತ್ತಿಗೆ ಮತ್ತೆ ತೆರೆಯಬೇಕಾಯಿತು.

ಮೆಕ್‌ಡೊವೆಲ್ ವಿಷಯಕ್ಕೆ ಮಾತ್ರ ಏಪ್ರಿಲ್ 9ರ ಪತ್ರ ಓದಬೇಕು. ರಾಜಧಾನಿಯನ್ನು ಪೂರ್ತಿ ಸುರಕ್ಷಿತವಾಗಿ ಬಿಟ್ಟು ಹೋಗಬೇಕು ಅಂತ ಷರತ್ತು ಇತ್ತು. ಮೆಕ್ಲೆಲನ್ ಬಿಟ್ಟು ಹೋದದ್ದು 20,000ಕ್ಕಿಂತ ಕಡಿಮೆ ಜನ, ಅದೂ ಸರಿಯಾದ ವ್ಯವಸ್ಥೆ ಇಲ್ಲದವರು, ಒಂದು ಮೈದಾನ ಫಿರಂಗಿ ಪಡೆಯೂ ಇರಲಿಲ್ಲ. ಲಿಂಕನ್ ಕೋರ್ ತಡೆದದ್ದು ಇದನ್ನು ಎಣಿಸಿ ನೋಡಿದ ಮೇಲೆ.

ಅದೇ ಪತ್ರದಲ್ಲಿ ಇನ್ನೊಂದು ಲೆಕ್ಕ. ನಿಮ್ಮದೇ ವರದಿಗಳ ಪ್ರಕಾರ ನಿಮ್ಮ ಹತ್ತಿರ ಮತ್ತು ದಾರಿಯಲ್ಲಿ 1,08,000 ಜನ. ನೀವೀಗ 85,000 ಅನ್ನುತ್ತೀರಿ. ಈ 23,000 ವ್ಯತ್ಯಾಸಕ್ಕೆ ಕಾರಣ ಏನು? ನಿಮ್ಮ ದೂರುಗಳಿಂದ ನನಗೆ ಸಿಟ್ಟು ಬರುವುದಿಲ್ಲ, ಆದರೆ ತುಂಬಾ ನೋವಾಗುತ್ತದೆ ಅಂತ ಮೊದಲಿಗೇ ಹೇಳಿದ್ದಾರೆ. ಈ ತಡಕ್ಕೆ ಜನ ನಿಮ್ಮನ್ನು ದೂರುತ್ತಾರೆ, ಅದನ್ನು ತಡೆಯುವ ಶಕ್ತಿ ನನಗಿಲ್ಲ ಅಂತಲೂ ಇದೆ. ನಿಮ್ಮನ್ನು ಉಳಿಸಲು ನನ್ನ ಕೈಲಾದಷ್ಟು ಮಾಡುತ್ತೇನೆ. ಆದರೆ ನೀವು ಏನಾದರೂ ಮಾಡಲೇಬೇಕು.

ಈ ಪತ್ರ ಹೋದಾಗ ರಿಚ್ಮಂಡ್ ದಾರಿಯಲ್ಲಿದ್ದ ಯಾರ್ಕ್‌ಟೌನ್‌ನಲ್ಲಿ ಏನು ನಡೆದಿತ್ತು ಗೊತ್ತಾ? ಎದುರಿಗೆ ಇದ್ದದ್ದು ಮಗ್ರೂಡರ್ ಅನ್ನುವ ಜನರಲ್, ಮೊದಮೊದಲು ಅವರ ಬಳಿ ಸುಮಾರು 13,000 ಜನ. ನಾಟಕದ ಹುಚ್ಚಿನ ಮನುಷ್ಯ. ಅದೇ ಸೈನಿಕರನ್ನು ಕಾಡಿನ ಒಳಗೆ, ಹೊರಗೆ ಸುತ್ತಿ ಸುತ್ತಿ ನಡೆಸಿದರು. ನೋಡುವವರಿಗೆ ಮುಗಿಯದ ಮೆರವಣಿಗೆ. ಮೆಕ್ಲೆಲನ್ ನಂಬಿಬಿಟ್ಟರು, ದೊಡ್ಡ ಫಿರಂಗಿ ತರಿಸಿ ಒಂದು ತಿಂಗಳು ಮುತ್ತಿಗೆ ಹಾಕಿ ಕೂತರು. ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಎದುರಿನವರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದರು.

ಶತ್ರುವಿನ ಸಾಲನ್ನು ತಕ್ಷಣ ಒಡೆಯಿರಿ ಅಂತ ಲಿಂಕನ್ ಏಪ್ರಿಲ್ 6ಕ್ಕೇ ತಂತಿ ಕಳಿಸಿದ್ದರು. ಅದಕ್ಕೆ ಮೆಕ್ಲೆಲನ್ ಹೆಂಡತಿಗೆ ಬರೆದದ್ದು: ತಾವೇ ಬಂದು ಮಾಡಿ ಅಂತ ಉತ್ತರ ಕೊಡೋಣ ಅನ್ನಿಸಿತು.

ಸಂಜೆಪುಟ:
ಹೆಂಡತಿಗೆ ಬರೆದ ಪತ್ರ ಬಂತಲ್ಲ, ಒಳ್ಳೆಯದಾಯಿತು. ಅದು ಮೆಕ್ಲೆಲನ್ ಸತ್ತ ಮೇಲೆ ಅಚ್ಚಾಗಿ ಬಂದದ್ದು. ಇಲ್ಲದಿದ್ದರೆ ನಾವು ಇಂದು ಅವರನ್ನು ಇಷ್ಟು ಬಯ್ಯುತ್ತಿರಲಿಲ್ಲ. ಮೇಲಧಿಕಾರಿಯ ಬಗ್ಗೆ ಮನೆಯಲ್ಲಿ ಏನು ಮಾತಾಡುತ್ತೇವೆ ಅನ್ನುವುದನ್ನು ಲೋಕವೆಲ್ಲ ಓದಿದರೆ ನಮ್ಮಲ್ಲಿ ಯಾರು ಉಳಿಯುತ್ತೇವೆ?

ಆದರೆ ಗಾಡಿ, ಕುದುರೆ, ತಲೆಲೆಕ್ಕದಲ್ಲೇ ಸುತ್ತುತ್ತಿದ್ದೀರಿ. ಯುದ್ಧ ನಡೆದದ್ದು ಯಾವುದರ ಸಲುವಾಗಿ? 1862ರ ಜುಲೈ 8ಕ್ಕೆ ಲಿಂಕನ್ ಹ್ಯಾರಿಸನ್ಸ್ ಲ್ಯಾಂಡಿಂಗ್ ಅನ್ನುವ ನದಿ ದಂಡೆಯ ಶಿಬಿರಕ್ಕೆ ಹೋಗುತ್ತಾರೆ. ರಿಚ್ಮಂಡ್ ಹತ್ತಿರ ಹೋಗಿದ್ದ ಸೈನ್ಯ ಏಳು ದಿನಗಳ ಕದನದಲ್ಲಿ ಹಿಂದೆ ಸರಿದು ಅಲ್ಲಿ ಬಂದು ಕೂತಿದೆ. ಅಲ್ಲಿ ಮೆಕ್ಲೆಲನ್ ಲಿಂಕನ್ ಕೈಗೆ ಒಂದು ಪತ್ರ ಕೊಡುತ್ತಾರೆ. ಯುದ್ಧದ ಯೋಜನೆ ಅಂದುಕೊಂಡರಾ? ಅಲ್ಲ. ದೇಶ ಹೇಗೆ ನಡೆಸಬೇಕು ಅಂತ ಸಲಹೆ. ದಕ್ಷಿಣದವರ ಆಸ್ತಿ ಮುಟ್ಟಬೇಡಿ. ಗುಲಾಮಗಿರಿಯನ್ನು ಬಲವಂತವಾಗಿ ತೆಗೆಯುವ ಯೋಚನೆ ಬೇಡ. ಅಂಥ ಘೋಷಣೆ ಹೊರಬಿದ್ದರೆ ಸೈನ್ಯವೇ ಬೇಗ ಒಡೆದುಹೋಗುತ್ತದೆ.

ಲಿಂಕನ್ ಅಲ್ಲೇ ಓದಿದರು, ಜೇಬಿಗೆ ಹಾಕಿಕೊಂಡರು, ಹೆಚ್ಚು ಮಾತಾಡಲಿಲ್ಲ. ಜುಲೈ 22ಕ್ಕೆ ಸಚಿವ ಸಂಪುಟದ ಮುಂದೆ ಗುಲಾಮರ ಬಿಡುಗಡೆಯ ಘೋಷಣೆಯ ಕರಡು ಓದಿದರು. ಆಂಟೀಟಮ್ ಆಗಿ ಐದೇ ದಿನಕ್ಕೆ, ಸೆಪ್ಟೆಂಬರ್ 22ಕ್ಕೆ, ಅದು ಹೊರಬಂತು.

ಅಂದರೆ ಆ ಜನರಲ್ ಬರೆದ ಅತಿ ಮುಖ್ಯ ಪತ್ರಕ್ಕೆ ಅಧ್ಯಕ್ಷರು ಪತ್ರದಲ್ಲಿ ಉತ್ತರವನ್ನೇ ಕೊಡಲಿಲ್ಲ. ಯಾರ ಬದುಕು ಇದರಲ್ಲಿ ನಿಂತಿತ್ತೋ ಆ ಲಕ್ಷಾಂತರ ಗುಲಾಮರ ಸ್ವಂತ ಮಾತಿಗೆ ಈ ಪತ್ರವ್ಯವಹಾರದಲ್ಲಿ ಜಾಗ ಸಿಗಲಿಲ್ಲ. ಅವರು ಸೈನ್ಯದ ಶಿಬಿರಗಳಿಗೆ ಓಡಿ ಬರುತ್ತಿದ್ದರು, ತಮ್ಮ ಕಾಲ ಮೇಲೆ ತಾವೇ.

ಮಾಜಿಹವಾಲ್ದಾರ್:
ಮೇಡಂ, ಒಪ್ಪುವ ಮಾತು. ಯೂನಿಫಾರ್ಮ್ ಹಾಕಿದವನು ಅಂಥ ಪತ್ರ ಬರೆಯಬಾರದಿತ್ತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಿ. ಘೋಷಣೆ ಬಂದ ಮೇಲೆ ಅಕ್ಟೋಬರ್ 7ಕ್ಕೆ ಅದೇ ಮೆಕ್ಲೆಲನ್ ಸೈನ್ಯಕ್ಕೆ ಆದೇಶ ಹೊರಡಿಸಿದರು. ಸರ್ಕಾರದ ನೀತಿ ಇಷ್ಟವಿಲ್ಲದಿದ್ದರೆ ಅದಕ್ಕೆ ಮದ್ದು ಮತಗಟ್ಟೆಯಲ್ಲಿದೆ, ಶಿಬಿರದಲ್ಲಿ ಅಲ್ಲ ಅನ್ನುವ ಅರ್ಥದಲ್ಲಿ. ನವೆಂಬರ್ 7ರ ರಾತ್ರಿ ಹಿಮ ಬೀಳುತ್ತಿರುವಾಗ ವಜಾ ಆದೇಶ ಅವರ ಡೇರೆಗೆ ಬಂತು. ವಾಷಿಂಗ್ಟನ್ ಮೇಲೇ ದಂಡೆತ್ತಿ ಹೋಗೋಣ ಅಂತ ಕೂಗಿದ ಅಧಿಕಾರಿಗಳೂ ಇದ್ದರು. ಮೆಕ್ಲೆಲನ್ ಕೇಳಲಿಲ್ಲ. ಜನರಲ್ ಬರ್ನ್‌ಸೈಡ್‌ಗೆ ಸೈನ್ಯ ಒಪ್ಪಿಸಿ ಮನೆಗೆ ಹೋದರು. 1864ರಲ್ಲಿ ಚುನಾವಣೆಗೆ ನಿಂತರು, ಲಿಂಕನ್ ಎದುರು ಸೋತರು. ಮತಗಟ್ಟೆಯಲ್ಲೇ.

ಕಾಫಿತೋಟ:
ಕೊಡಗಿನವಳು, ಸುಮ್ಮನೆ ಇರಲು ಆಗಲಿಲ್ಲ. ನಮ್ಮ ಜನರಲ್ ತಿಮ್ಮಯ್ಯ 1959ರ ಆಗಸ್ಟ್ 31ಕ್ಕೆ ನೆಹರೂಗೆ ರಾಜೀನಾಮೆ ಪತ್ರ ಕಳಿಸಿದ್ದರಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಬಡ್ತಿಗಳ ವಿಷಯಕ್ಕೆ ಜಟಾಪಟಿ. ನೆಹರೂ ಕರೆದು ಮಾತಾಡಿದರು, ತಿಮ್ಮಯ್ಯ ಪತ್ರ ವಾಪಸ್ ತಗೊಂಡರು. ಆದರೆ ಸುದ್ದಿ ಪತ್ರಿಕೆಗೆ ಹೋಗಿಯಾಗಿತ್ತು. ಸೆಪ್ಟೆಂಬರ್ 2ಕ್ಕೆ ನೆಹರೂ ಸಂಸತ್ತಿನಲ್ಲಿ ನಿಂತು, ನಾಗರಿಕ ಅಧಿಕಾರವೇ ಮೇಲು ಅಂತ ಹೇಳಿ ತಿಮ್ಮಯ್ಯನವರ ನಡೆಯನ್ನು ಟೀಕಿಸಿದರು. ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. ಹೋದವರು ನೋಡಿ ಬನ್ನಿ.

ನನಗೆ ಕೇಳಬೇಕಾದ್ದು, ಲಿಂಕನ್ ಆಗಿದ್ದರೆ ಸಂಸತ್ತಿನಲ್ಲಿ ಹಾಗೆ ಮಾತಾಡುತ್ತಿದ್ದರಾ?

ಹಳೇಅಂಚೆ:
ಅಕ್ಕ, ಅದು ಶಾಂತಿಕಾಲದ ಪ್ರಸಂಗ, ಇಲ್ಲಿ ಪೂರ್ತಿ ಬಿಚ್ಚಿದರೆ ದಾರಿ ತಪ್ಪುತ್ತದೆ. ಆದರೆ ಪ್ರಶ್ನೆ ಚೆನ್ನಾಗಿದೆ. ಲಿಂಕನ್ ಸಾಮಾನ್ಯವಾಗಿ ಜನರಲ್‌ಗಳ ಮೇಲಿನ ಸಿಟ್ಟನ್ನು ಬಹಿರಂಗವಾಗಿ ತೋರಿಸುತ್ತಿರಲಿಲ್ಲ. ಕೆಲವು ಸಲ ಆ ಜನರಲ್‌ಗೂ ತೋರಿಸಲಿಲ್ಲ.

1863ರ ಜುಲೈ 14. ಗೆಟ್ಟಿಸ್‌ಬರ್ಗ್‌ನಲ್ಲಿ ಜನರಲ್ ಮೀಡ್ ಗೆದ್ದಿದ್ದಾರೆ. ಲೀ ಹಿಂದೆ ಸರಿದಿದ್ದಾರೆ, ಪೊಟೋಮ್ಯಾಕ್ ಮಳೆಗೆ ಉಕ್ಕಿ ದಾಟಲಾಗದೆ ಸಿಕ್ಕಿಬಿದ್ದಿದ್ದಾರೆ. ಮೀಡ್ ಮೇಲೆ ಬೀಳಲಿಲ್ಲ, ನೀರು ಇಳಿದು ಲೀ ದಾಟಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಧ್ಯಕ್ಷರಿಗೆ ಬೇಜಾರಾಗಿದೆ ಅಂತ ಗೊತ್ತಾದ ಕೂಡಲೇ ಮೀಡ್ ತಂತಿ ಕೊಟ್ಟರು, ನನ್ನನ್ನು ಬಿಡುಗಡೆ ಮಾಡಿ ಅಂತ.

ಲಿಂಕನ್ ಸಮಾಧಾನ ಮಾಡಲು ಕೂತರು. ಗೆಟ್ಟಿಸ್‌ಬರ್ಗ್‌ನ ಗೆಲುವಿಗೆ ನಾನು ತುಂಬಾ ತುಂಬಾ ಕೃತಜ್ಞ, ನಿಮಗೆ ಚೂರು ನೋವಾಗಿದ್ದರೂ ವಿಷಾದವಿದೆ ಅಂತ ಶುರು. ಬರೆಯುತ್ತಾ ಬರೆಯುತ್ತಾ ಪೆನ್ನು ತಿರುಗಿತು. ಲೀ ತಪ್ಪಿಸಿಕೊಂಡದ್ದು ಎಂಥ ದೊಡ್ಡ ಅನಾಹುತ ಅಂತ ನಿಮಗೆ ಅರ್ಥವಾಗಿಲ್ಲ. ಅವರು ನಿಮ್ಮ ಹಿಡಿತದಲ್ಲೇ ಇದ್ದರು. ನಿಮ್ಮ ಬಂಗಾರದಂಥ ಅವಕಾಶ ಹೋಯಿತು, ಅದಕ್ಕೆ ನನಗಾಗಿರುವ ಸಂಕಟಕ್ಕೆ ಅಳತೆ ಇಲ್ಲ.

ಲಕೋಟೆಗೆ ಹಾಕಿದರು. ಮೇಲೆ ಬರೆದರು: ಜನರಲ್ ಮೀಡ್‌ಗೆ, ಕಳಿಸಲಿಲ್ಲ, ಸಹಿ ಹಾಕಲಿಲ್ಲ. ಮೀಡ್ ಯುದ್ಧ ಮುಗಿಯುವವರೆಗೆ ಆ ಸೈನ್ಯದ ಕಮಾಂಡರ್ ಆಗಿಯೇ ಇದ್ದರು.

ಅದರ ಹಿಂದಿನ ದಿನ, ಜುಲೈ 13ಕ್ಕೆ, ಗ್ರಾಂಟ್‌ಗೆ ಬರೆದದ್ದು ಮಾತ್ರ ಕಳಿಸಿದರು. ಮಿಸಿಸಿಪ್ಪಿ ನದಿ ದಂಡೆಯ ವಿಕ್ಸ್‌ಬರ್ಗ್ ಗೆದ್ದ ಮೇಲಿನ ಪತ್ರ. ನಾವಿಬ್ಬರೂ ಭೇಟಿಯಾದ ನೆನಪಿಲ್ಲ ಅಂತ ಮೊದಲ ಸಾಲು. ನೀವು ನದಿಯ ಕೆಳಗೆ ಹೋಗಿ ಜನರಲ್ ಬ್ಯಾಂಕ್ಸ್ ಜೊತೆ ಸೇರಬೇಕು ಅಂತ ನನ್ನ ಎಣಿಕೆಯಿತ್ತು. ನೀವು ಉತ್ತರಕ್ಕೆ ತಿರುಗಿದಾಗ ತಪ್ಪಾಯಿತೇನೋ ಅಂತ ಹೆದರಿದೆ. ನೀವು ಸರಿ, ನಾನು ತಪ್ಪು.

ಬಯ್ಗುಳ ಮೇಜಿನಲ್ಲೇ ಉಳಿಯಿತು, ಒಪ್ಪಿಗೆ ಅಂಚೆಯಲ್ಲಿ ಹೋಯಿತು.

ಗದಗದಗಾಳಿ:
ಓದ್ತಾ ಕೂತರೆ ಊಟ ಮರೆತು ಹೋಗುತ್ತದೆ ಮಾರಾಯರೇ. ಉತ್ತರದ ಜನರಲ್ ಶೆರ್ಮನ್ ಕಳಿಸಿದ ತಂತಿ ಯಾರೂ ಹೇಳಲಿಲ್ಲವಲ್ಲ! 1864ರ ಡಿಸೆಂಬರ್ 22ಕ್ಕೆ ಸವಾನಾ ಪಟ್ಟಣ ಹಿಡಿದು ಲಿಂಕನ್‌ಗೆ ಕ್ರಿಸ್ಮಸ್ ಉಡುಗೊರೆ ಅಂತ ಕಳಿಸಿದ್ದು: 150 ದೊಡ್ಡ ಫಿರಂಗಿ, ಬೇಕಾದಷ್ಟು ಮದ್ದುಗುಂಡು, ಸುಮಾರು 25,000 ಹತ್ತಿ ಬೇಲ್. ಅದಕ್ಕೆ ಲಿಂಕನ್ ಉತ್ತರ, ಈ ಗೌರವ ಪೂರ್ತಿ ನಿಮ್ಮದೇ, ನಾವ್ಯಾರೂ ಸುಮ್ಮನೆ ಒಪ್ಪಿಕೊಂಡದ್ದು ಬಿಟ್ಟು ಹೆಚ್ಚೇನೂ ಮಾಡಿಲ್ಲ.

ಹತ್ತಿ ಅಂದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಅಮೆರಿಕನ್ ಅಂತಲೇ ಒಂದು ತಳಿ ಇತ್ತು. ಕಾರವಾರ ಬಂದರನ್ನು ಮೇಲೆತ್ತುವ ಯೋಜನೆಯೂ ಆ ಹತ್ತಿಯ ಸಲುವಾಗಿಯೇ. 1865ಕ್ಕೆ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮೆಕ್ಲೆಲನ್ ತಡ ಮಾಡಿದಷ್ಟೂ ನಮ್ಮ ಕಡೆಯ ಹತ್ತಿ ವ್ಯಾಪಾರಿಗಳಿಗೆ ಲಾಭ ಆಗಿರಬೇಕು, ಬಯ್ಯಬೇಡಿ ಅವರನ್ನ!

ಸುಮ್ನೆಓದುಗ:
ಈ ವಾದ ಯಾವ ಇತಿಹಾಸ ಪುಸ್ತಕದಲ್ಲೂ ಸಿಗಲ್ಲ ಗುರುವೇ.

ಮಾಜಿಹವಾಲ್ದಾರ್:
ಗ್ರಾಂಟ್ ಪ್ರಸ್ತಾಪ ಬಂತು, ಸರಿ. ಎಲ್ಲರೂ ಹೇಳುವುದು, ಲಿಂಕನ್ ಗ್ರಾಂಟ್‌ರನ್ನು ಅವರ ಪಾಡಿಗೆ ಬಿಟ್ಟರು ಅಂತ. 1864ರ ಏಪ್ರಿಲ್ 30ರ ಪತ್ರ ತೋರಿಸುತ್ತಾರೆ: ನಿಮ್ಮ ಯೋಜನೆಯ ವಿವರ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಪೂರ್ತಿ ನಿಜವಲ್ಲ. ಆಗಸ್ಟ್ 3ರ ತಂತಿ ಓದಿ. ಶೆನಂಡೋವಾ ಕಣಿವೆಯಲ್ಲಿ ಜನರಲ್ ಶೆರಿಡನ್ ಶತ್ರುವಿನ ದಕ್ಷಿಣಕ್ಕೆ ಹೋಗಿ ನಿಲ್ಲಲಿ, ಸಾಯುವವರೆಗೂ ಬೆನ್ನಟ್ಟಲಿ ಅಂತ ಗ್ರಾಂಟ್ ಹೇಳಿದ್ದರು. ಲಿಂಕನ್ ಬರೆದದ್ದು: ನಿಮ್ಮ ಮಾತು ಸರಿಯಾಗಿದೆ, ಆದರೆ ಇಲ್ಲಿಂದ ನಿಮಗೆ ಬಂದ ತಂತಿಗಳನ್ನು ತೆಗೆದು ನೋಡಿ, ಇಲ್ಲಿ ಯಾರ ತಲೆಯಲ್ಲಾದರೂ ಆ ಯೋಚನೆ ಇದೆಯಾ? ನೀವು ದಿನಾ, ಗಂಟೆಗಂಟೆಗೂ ಕಣ್ಣಿಟ್ಟು ಒತ್ತಾಯ ಮಾಡದಿದ್ದರೆ ಅದು ಆಗಲ್ಲ, ಯಾರೂ ಮಾಡಲು ಹೋಗುವುದೂ ಇಲ್ಲ.

ಇದು ಮೂಗು ತೂರಿಸುವುದೇ ಅಲ್ವಾ? ಮೆಕ್ಲೆಲನ್‌ಗೆ ಮಾಡಿದ್ದನ್ನೇ ಗ್ರಾಂಟ್‌ಗೂ ಮಾಡಿದರು. ಹಾಗಾದರೆ ವ್ಯತ್ಯಾಸ ಎಲ್ಲಿ?

ಹಳೇಅಂಚೆ:
ಸರ್, ನಾನು ಹೇಳಬೇಕೆಂದಿದ್ದ ಜಾಗಕ್ಕೇ ಕರೆದುಕೊಂಡು ಬಂದಿರಿ. ಲಿಂಕನ್ ಕಡೆ ವ್ಯತ್ಯಾಸ ಕಡಿಮೆ. ಇಬ್ಬರಿಗೂ ಚುಚ್ಚಿದರು, ಇಬ್ಬರಿಗೂ ಲೆಕ್ಕ ಕೇಳಿದರು. ವ್ಯತ್ಯಾಸ ಇರುವುದು ಪತ್ರ ತಲುಪಿದ ಮೇಲೆ ಏನಾಯಿತು ಅನ್ನುವುದರಲ್ಲಿ.

ಆಗಸ್ಟ್ 3ರ ತಂತಿ ಕೈಸೇರಿದಾಗ ಗ್ರಾಂಟ್ ವಾದ ಮಾಡಲಿಲ್ಲ. ಎರಡು ಗಂಟೆಯಲ್ಲಿ ವಾಷಿಂಗ್ಟನ್‌ಗೆ ಹೊರಡುತ್ತೇನೆ ಅಂತ ಉತ್ತರ ಕೊಟ್ಟರು, ಹೊರಟರು. ಅಲ್ಲಿಂದ ಮಾನಾಕಸಿಗೆ ಹೋಗಿ ಕಣಿವೆಯ ಸೈನ್ಯವನ್ನು ಶೆರಿಡನ್ ಕೈಗೆ ಕೊಟ್ಟು ಬಂದರು. ಮೆಕ್ಲೆಲನ್‌ಗೆ ಪತ್ರ ಬಂದರೆ ಅವರು ಇನ್ನೊಂದು ಪತ್ರ ಬರೆಯುತ್ತಿದ್ದರು. ಅದಕ್ಕೆ ಲಿಂಕನ್ ಮತ್ತೊಂದು. ಅಕ್ಟೋಬರ್ 13ರ ಪತ್ರ ಅಷ್ಟು ಉದ್ದವಾದದ್ದು ಅದಕ್ಕೇ. ಸೈನ್ಯ ನದಿ ದಾಟಿದ್ದು ಇನ್ನೂ ಎರಡು ವಾರ ಬಿಟ್ಟು.

ಏಪ್ರಿಲ್ 30ರ ಪತ್ರಕ್ಕೆ ಗ್ರಾಂಟ್ ಮರುದಿನ ಬರೆದ ಉತ್ತರ ನೋಡಿ. ನಾನು ಕೇಳಿದ್ದನ್ನೆಲ್ಲ, ಕಾರಣ ಕೂಡ ಕೇಳದೆ, ಕೊಟ್ಟಿದ್ದೀರಿ. ನಾನು ಬಯಸಿದಷ್ಟು ಗೆಲುವು ಸಿಗದಿದ್ದರೆ, ತಪ್ಪು ನಿಮ್ಮದಲ್ಲ ಅಂತಷ್ಟೇ ಹೇಳಬಲ್ಲೆ.

ಇದರ ಪಕ್ಕದಲ್ಲಿ ಮೆಕ್ಲೆಲನ್ 1862ರ ಜೂನ್ 28ರ ಮಧ್ಯರಾತ್ರಿ ಸ್ಟ್ಯಾಂಟನ್‌ಗೆ ಕೊಟ್ಟ ತಂತಿ ಇಡಿ. ಈ ಸೈನ್ಯವನ್ನು ನಾನು ಉಳಿಸಿದರೆ ನಿಮಗಾಗಲಿ ವಾಷಿಂಗ್ಟನ್‌ನ ಯಾರಿಗಾಗಲಿ ಋಣಿಯಲ್ಲ. ಈ ಸೈನ್ಯವನ್ನು ಬಲಿಕೊಡಲು ನೀವು ನಿಮ್ಮ ಕೈಲಾದಷ್ಟು ಮಾಡಿದ್ದೀರಿ.

ವರ್ಜೀನಿಯಾಕನ್ನಡಿಗ:
ಆ ತಂತಿಯ ಕಥೆ ಇನ್ನೂ ಇದೆ. ಕೊನೆಯ ಆ ಎರಡು ವಾಕ್ಯ ಓದಿ ವಾಷಿಂಗ್ಟನ್ ತಂತಿ ಕಚೇರಿಯ ಮುಖ್ಯಸ್ಥ ಸ್ಯಾನ್‌ಫರ್ಡ್‌ಗೆ ಗಾಬರಿಯಾಯಿತು. ಮಂತ್ರಿಗೆ ಇದನ್ನು ಕೊಡೋದು ಹೇಗೆ? ಆ ಭಾಗ ಬಿಟ್ಟು ಬೇರೆ ಪ್ರತಿ ಬರೆಸಿ ಒಳಗೆ ಕಳಿಸಿದರು. ಆಗ ಸ್ಟ್ಯಾಂಟನ್ ಕೈಗಾಗಲಿ ಲಿಂಕನ್ ಕೈಗಾಗಲಿ ಆ ಸಾಲು ಹೋಗಲೇ ಇಲ್ಲ. ತನ್ನ ಮಾತು ಓದಿಯೂ ಮೇಲಿನವರು ಸುಮ್ಮನಿದ್ದಾರೆ ಅಂತ ಮೆಕ್ಲೆಲನ್ ಅಂದುಕೊಂಡಿರಬೇಕು.

ಸಂಜೆಪುಟ:
ಅಯ್ಯೋ! ಅಂದರೆ ಆ ಮಟ್ಟಿಗೆ ಪತ್ರವ್ಯವಹಾರ ನಡೆದದ್ದು ಮೆಕ್ಲೆಲನ್ ಮತ್ತು ಒಬ್ಬ ತಂತಿ ಅಧಿಕಾರಿಯ ನಡುವೆ.

ಮಾಜಿಹವಾಲ್ದಾರ್:
ನನ್ನ ಸರ್ವೀಸಿನಲ್ಲಿ ಅಂಥ ಕ್ಲರ್ಕ್‌ಗಳು ಎಷ್ಟೋ ಜನರ ನೌಕರಿ ಉಳಿಸಿದ್ದಾರೆ.

ಹಳೇಅಂಚೆ ಅವರ ವಾದದಲ್ಲಿ ಒಂದು ತೊಡಕು ಮಾತ್ರ ಉಳಿದಿದೆ. ಗ್ರಾಂಟ್ ಮೇಲೆ ಅಷ್ಟು ನಂಬಿಕೆ ಇದ್ದರೂ 1865ರ ಮಾರ್ಚ್ 3ಕ್ಕೆ ಲಿಂಕನ್ ಸ್ಟ್ಯಾಂಟನ್ ಮೂಲಕ ಕಟ್ಟುನಿಟ್ಟಾಗಿ ಬರೆಸಿದರು. ಲೀ ಜೊತೆ ಶರಣಾಗತಿಯ ಮಾತು ಅಥವಾ ಬರೀ ಸೈನ್ಯದ ಸಣ್ಣಪುಟ್ಟ ವಿಷಯ ಬಿಟ್ಟು ಬೇರೆ ಮಾತುಕತೆ ಬೇಡ. ರಾಜಕೀಯ ಪ್ರಶ್ನೆಗಳನ್ನು ನೀವು ತೀರ್ಮಾನಿಸಬಾರದು, ಚರ್ಚಿಸಲೂಬಾರದು, ಅವು ಅಧ್ಯಕ್ಷರ ಕೈಯಲ್ಲಿವೆ. ಅದು ಪಾಠ ಅಲ್ಲ, ಆಜ್ಞೆ. ನಾನು ಬೆಳಗ್ಗೆಯಿಂದ ಕೇಳುತ್ತಿದ್ದದ್ದು ಇದನ್ನೇ. ಹೀಗೆ ಗೆರೆ ಎಳೆದು ಹೇಳುವುದನ್ನು 1862ರಲ್ಲೇ ಮಾಡಿದ್ದರೆ ಹ್ಯಾರಿಸನ್ಸ್ ಲ್ಯಾಂಡಿಂಗ್ ಪತ್ರ ಹುಟ್ಟುತ್ತಲೇ ಇರಲಿಲ್ಲ.

ಸಂಜೆಪುಟ:
ಹುಟ್ಟುತ್ತಿತ್ತು ಸರ್. ಬರೆಯುವ ಚಟ ಇದ್ದವರು ಬರೆದೇ ಬರೆಯುತ್ತಾರೆ.

ಕಾಫಿತೋಟ:
ಇವನ್ನೆಲ್ಲ ಮೂಲದಲ್ಲಿ ನೋಡಬಹುದಾ? ಮೀಡ್‌ಗೆ ಕಳಿಸದ ಪತ್ರ ನೋಡುವ ಆಸೆ.

ಹಳೇಅಂಚೆ:
ನೋಡಬಹುದು ಅಕ್ಕ. ಲಿಂಕನ್ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಉಚಿತ. ಮೀಡ್ ಪತ್ರವೂ ಅಲ್ಲೇ ಇದೆ. ಬೇಕಿದ್ದರೆ 1863ರ ಜನವರಿ 26ಕ್ಕೆ ಜನರಲ್ ಹೂಕರ್‌ಗೆ ಕಮಾಂಡ್ ಕೊಡುತ್ತಾ ಬರೆದದ್ದನ್ನೂ ಹುಡುಕಿ ಓದಿ. ದೇಶಕ್ಕೊಬ್ಬ ಸರ್ವಾಧಿಕಾರಿ ಬೇಕು ಅಂತ ಹೂಕರ್ ಅಂದಿದ್ದರಂತೆ. ಹಾಗೆ ಅಂದದ್ದಕ್ಕಲ್ಲ, ಅಂದರೂ ಕೂಡ ನಿಮಗೆ ಕಮಾಂಡ್ ಕೊಟ್ಟಿದ್ದೇನೆ. ಗೆದ್ದ ಜನರಲ್‌ಗಳು ಮಾತ್ರ ಸರ್ವಾಧಿಕಾರಿಗಳನ್ನು ಕೂರಿಸಬಲ್ಲರು. ನೀವು ಗೆದ್ದು ಬನ್ನಿ, ಸರ್ವಾಧಿಕಾರದ ಅಪಾಯ ನಾನು ನೋಡಿಕೊಳ್ಳುತ್ತೇನೆ ಅಂತ ಬರೆದರು. ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಹೂಕರ್ ಸೋತರು. ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಹವಾಲ್ದಾರ್ ಸರ್ ತಯಾರಾಗಿರಿ.